ಸೃಷ್ಟಿಯ ದೃಷ್ಟಾಂತಗಳು ಮತ್ತು ನಾವು ಮರೆತ ಒಂದು ನೆರೆಹೊರೆ

ರಮಝಾನಿನ ಹೊಸಚಂದ್ರನನ್ನು ಕಾಣಲು ಪೀಣ್ಯದ ನಮ್ಮ ಮಕ್ಕಳು ಮಹಡಿ ಹತ್ತುತ್ತಾರೆ. ಕಾರ್ಖಾನೆಗಳ ಶೀಟುಗಳ ಮೇಲೆ ಧೂಳು ಕವಿದಿರುತ್ತದೆ. ಪಶ್ಚಿಮದ ಅಂಚನ್ನು ಕಟ್ಟಡಗಳು ಮರೆಮಾಡಿರುತ್ತವೆ. ಕೊನೆಗೆ ಮೊಬೈಲಿಗೆ ಬರುವ ಸಂದೇಶವೇ ಚಂದ್ರದರ್ಶನವಾಗುತ್ತದೆ. ವೈಟ್‌ಫೀಲ್ಡಿನ ಬಳಿಯ ವರ್ತೂರು ಕೆರೆಯನ್ನು ಅಲ್ಲಿನ ಮಕ್ಕಳು ನೀರಿಗಿಂತ ಹೆಚ್ಚಾಗಿ ನೊರೆಯಿಂದ ಬಲ್ಲರು. ಆಕಾಶ ಭೂಮಿಗಳ ಸೃಷ್ಟಿಯಲ್ಲೂ ರಾತ್ರಿ ಹಗಲುಗಳ ಸರದಿಯಲ್ಲೂ ವಿವೇಕಿಗಳಿಗೆ ದೃಷ್ಟಾಂತಗಳಿವೆ ಎಂದು ಪವಿತ್ರ ಕುರ್‌ಆನ್ (3:190) ತಿಳಿಸುತ್ತದೆ. ದೃಷ್ಟಾಂತಗಳೇ ಕಣ್ಣಿಗೆ ಬೀಳದಿದ್ದರೆ ಚಿಂತನೆ ಹುಟ್ಟುವುದೆಲ್ಲಿಂದ?

ಹೊಸಚಂದ್ರನ ದುಆ ಕಲಿಸುತ್ತಿದ್ದಾಗ ಒಬ್ಬ ವಿದ್ಯಾರ್ಥಿ ನಮ್ಮನ್ನು ಕೇಳಿದನು: "ಉಸ್ತಾದ್, ಯಹೂದಿಯರೂ ಚಂದ್ರನನ್ನು ನೋಡಿ ಪ್ರಾರ್ಥಿಸುತ್ತಾರೆಯೇ?" ಹೌದು. ಅವರ ತಿಂಗಳೂ ಚಂದ್ರನನ್ನೇ ಅನುಸರಿಸುತ್ತದೆ. ಬೆಳೆಯುತ್ತಿರುವ ಚಂದ್ರನ ಕೆಳಗೆ ನಿಂತು ಅವರು ಸೃಷ್ಟಿಕರ್ತನನ್ನು ಸ್ತುತಿಸುತ್ತಾರೆ. ಗುಡುಗು ಕೇಳಿದಾಗ, ಕಾಮನಬಿಲ್ಲು ಕಂಡಾಗ, ವಸಂತದಲ್ಲಿ ಹಣ್ಣಿನ ಮರ ಹೂಬಿಟ್ಟಾಗ ಹೇಳಬೇಕಾದ ಸ್ತುತಿವಚನಗಳು ಅವರಲ್ಲಿವೆ. ಸುಕ್ಕೋತ್ ಹಬ್ಬದ ಏಳು ದಿನ ಅವರು ಸೊಪ್ಪು ಕೊಂಬೆಗಳ ಚಪ್ಪರದಲ್ಲಿ ಉಣ್ಣುತ್ತಾರೆ. ಅದರ ಸಂದುಗಳಿಂದ ನಕ್ಷತ್ರಗಳು ಕಾಣುವಂತಿರಬೇಕೆಂಬುದು ವಾಡಿಕೆ.

ಈ ಸಮುದಾಯ ನಮ್ಮ ನಾಡಿಗೆ ಹೊಸದಲ್ಲ. ಟ್ಯುನೀಷಿಯಾದ ಮಹ್ದಿಯಾ ಮೂಲದ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಸುಮಾರು 1132ರಿಂದ 1149ರವರೆಗೆ ಮಂಗಳೂರನ್ನು ಕೇಂದ್ರವಾಗಿಸಿಕೊಂಡು ಮಲಬಾರ್ ಕರಾವಳಿಯಲ್ಲಿ ಬಾಳಿದನು. ಅವನಿಗೆ ಕಂಚಿನ ಕಾರ್ಖಾನೆಯಿತ್ತು. ಬೊಮ್ಮ ಎಂಬವನು ಅವನ ವ್ಯವಹಾರಗಳಿಗಾಗಿ ಏಡನ್‌ವರೆಗೆ ಹೋಗಿಬರುತ್ತಿದ್ದನು. ಮುಸ್ಲಿಮ್ ವರ್ತಕರೊಡನೆಯೂ ಅವನ ವ್ಯವಹಾರವಿತ್ತು. ಅವನ ಪತ್ರಗಳ ಭಾಷೆ ಅರಬಿ, ಲಿಪಿ ಹೀಬ್ರೂ. ಮಂಗಳೂರಿನ ಮಳೆಗಾಲದ ಗುಡುಗಿಗೆ ಅವನೂ ತನ್ನ ಧರ್ಮದ ಸ್ತುತಿಯನ್ನು ಉಚ್ಚರಿಸಿರಬೇಕೆಂದು ನಾವು ಊಹಿಸಬಹುದು. ಆ ಪತ್ರಗಳು ಉಳಿದುದು ಈಜಿಪ್ಟಿನ ಫುಸ್ತಾತ್ ನಗರದ ಬೆನ್ ಎಝ್ರಾ ಪ್ರಾರ್ಥನಾಲಯದ ಗೆನಿಝಾ ಕೋಣೆಯಲ್ಲಿ. ದೇವನಾಮವಿರುವ ಕಾಗದವನ್ನು ಬಿಸಾಡಬಾರದೆಂಬ ಭಯಭಕ್ತಿಯೇ ಆ ಕೋಣೆಗೆ ಕಾರಣ. ಜೀರ್ಣವಾದ ಮುಸ್‌ಹಫ್‌ನ ಹಾಳೆಯನ್ನು ಆದರದಿಂದ ತೆಗೆದಿಡುವ ನಮಗೆ ಆ ಭಾವನೆ ಅಪರಿಚಿತವಲ್ಲ.

ಬೆನ್ ಯಿಜುವಿಗಿಂತ ಅರ್ಧ ಶತಮಾನ ಮೊದಲು, ಸುಮಾರು 1080ರಲ್ಲಿ, ಮುಸ್ಲಿಮ್ ಸ್ಪೇನಿನಲ್ಲಿ ಬಹ್ಯಾ ಇಬ್ನ್ ಪಕೂದಾ ಎಂಬ ಯಹೂದಿ ವಿದ್ವಾಂಸನು ಹೃದಯದ ಕರ್ತವ್ಯಗಳನ್ನು ಕುರಿತು ಅರಬಿಯಲ್ಲಿ ಒಂದು ಗ್ರಂಥ ರಚಿಸಿದನು. ಹತ್ತು ದ್ವಾರಗಳೆಂದು ವಿಂಗಡಿಸಿದ ಆ ಗ್ರಂಥದ ಎರಡನೆಯ ದ್ವಾರ ಸೃಷ್ಟಿಯ ಅವಲೋಕನಕ್ಕೆ ಮೀಸಲು. ಅದಕ್ಕೆ ಅವನು ಬಳಸಿದ ಪದ 'ಇಅ್‌ತಿಬಾರ್'. ಅಂದರೆ ಕಂಡದ್ದರಿಂದ ಪಾಠ ಪಡೆಯುವುದು. ಇದು ನಮ್ಮ ವಿದ್ವಾಂಸರ ಗ್ರಂಥಗಳಲ್ಲೂ ಪರಿಚಿತ ಪದ. ಮುಸ್ಲಿಮ್ ವಿರಕ್ತರ ಮಾತುಗಳನ್ನೂ ಅವನು ಹೆಸರಿಸದೆಯೇ ತನ್ನ ಗ್ರಂಥದಲ್ಲಿ ಸೇರಿಸಿಕೊಂಡನು.

ಮುಂದೆ ಅದೇ ಫುಸ್ತಾತ್‌ನಲ್ಲಿ, ಪ್ರಸಿದ್ಧ ಮೈಮೊನಿದೆಸ್‌ನ ಮಗ ಅಬ್ರಹಾಂ (1186–1237) ಈಜಿಪ್ಟಿನ ಯಹೂದಿಯರ ನಾಯಕನಾದನು. ಇಸ್ರಾಈಲ್ ಸಂತತಿಯ ಪ್ರವಾದಿಗಳ ಹಾದಿಯ ಕುರುಹುಗಳು ಸೂಫಿಗಳಲ್ಲಿ ಉಳಿದಿವೆ ಎಂದು ಅವನು ಮುಚ್ಚುಮರೆಯಿಲ್ಲದೆ ಬರೆದನು. ಪ್ರಾರ್ಥನೆಯಲ್ಲಿ ಸಾಷ್ಟಾಂಗವನ್ನೂ ಸಾಲಾಗಿ ಕೂರುವ ಕ್ರಮವನ್ನೂ ತರಲು ಯತ್ನಿಸಿದನು. ಏಕಾಂತ ಧ್ಯಾನವಾದ 'ಖಲ್ವ'ವನ್ನು ಬೋಧಿಸಿದನು. ಅವನ ಸಮುದಾಯದ ವಿರೋಧಿಗಳು ಸುಲ್ತಾನನವರೆಗೂ ದೂರು ಒಯ್ದರು. ಅನ್ಯರಲ್ಲಿರುವ ಒಳಿತನ್ನು ಒಪ್ಪಿಕೊಳ್ಳುವುದು ಅಂದೂ ಸುಲಭವಾಗಿರಲಿಲ್ಲ. ಆರು ಶತಮಾನಗಳ ಬಳಿಕ ಉಕ್ರೇನಿನ ಬ್ರೆಸ್ಲೋವ್‌ನ ಗುರು ನಹ್ಮಾನ್ (1772–1810) ಕೂಡ ಹೊಲ ಕಾಡುಗಳಿಗೆ ಹೋಗಿ ಆಡುಭಾಷೆಯಲ್ಲೇ ದೇವನೊಡನೆ ಮನಬಿಚ್ಚಿ ಮಾತನಾಡಿರೆಂದು ಶಿಷ್ಯರಿಗೆ ಹೇಳಿದನು.

ಓದುಗರೇ, ಈ ಇತಿಹಾಸವನ್ನು ಇಂದು ಹೇಳುವಾಗ ನಮ್ಮ ಮನಸ್ಸು ಹಗುರವಾಗಿಲ್ಲ. ಫಲಸ್ತೀನಿನ ನೋವು ನಮ್ಮ ಮನೆಗಳಲ್ಲೂ ಕಣ್ಣೀರಾಗಿದೆ. ಆದರೆ ಒಂದು ಜನಾಂಗದ ಮೇಲಿನ ದ್ವೇಷ ನಿಮ್ಮನ್ನು ನ್ಯಾಯದಿಂದ ದೂರ ಸರಿಸದಿರಲಿ ಎಂಬುದು ನಮಗೆ ಅಲ್ಲಾಹನು ನೀಡಿದ ಆದೇಶ (5:8). ದಬ್ಬಾಳಿಕೆಯನ್ನು ಖಂಡಿಸೋಣ, ಒಂದು ಧರ್ಮದ ಭಕ್ತರೆಲ್ಲರನ್ನೂ ಅದರ ಲೆಕ್ಕಕ್ಕೆ ಸೇರಿಸದಿರೋಣ. ಬೆಂಗಳೂರಿನಲ್ಲಿಯೇ ಯಹೂದಿಯರ ಪುಟ್ಟ ಸ್ಮಶಾನವೊಂದಿದೆ. 1904ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ನೀಡಿದ ಜಾಗವದು. ಅವರು ಈ ಊರಿನ ಮಣ್ಣಿನಲ್ಲೇ ಮಲಗಿದ್ದಾರೆ.

ಅವರ ಆರಾಧನೆ ಅವರದು, ನಮ್ಮದು ನಮಗೆ. ಸೃಷ್ಟಿಯೇ ದೇವನೆಂದು ಬಹ್ಯಾನೂ ಹೇಳಲಿಲ್ಲ, ನಾವೂ ಹೇಳುವುದಿಲ್ಲ. ಸೃಷ್ಟಿಯು ಸೃಷ್ಟಿಕರ್ತನೆಡೆಗೆ ತೋರುವ ಬೆರಳು ಮಾತ್ರ. ಪರ್ವತಗಳೂ ಪಕ್ಷಿಗಳೂ ಪ್ರವಾದಿ ದಾವೂದ್(ಅ)ರೊಡನೆ ಅಲ್ಲಾಹನನ್ನು ಸ್ತುತಿಸಿದುದನ್ನು ಕುರ್‌ಆನ್ (34:10) ನೆನಪಿಸುತ್ತದೆ. ಕುರಿ ಕಾಯದ ಪ್ರವಾದಿಯಿಲ್ಲವೆಂದು ನಮ್ಮ ಪ್ರವಾದಿವರ್ಯರು(ಸ) ತಿಳಿಸಿದ್ದಾರೆ. ಪ್ರವಾದಿಗಳೆಲ್ಲರೂ ಬಯಲಿನಲ್ಲಿ, ತೆರೆದ ಆಕಾಶದ ಕೆಳಗೆ ದಿನ ಕಳೆದವರು.

ಹಾಗಾದರೆ ಶೆಡ್ಡುಗಳ ನಡುವೆ ಬಾಳುವ ನಾವೇನು ಮಾಡಬೇಕು? ಪಾಳಿ ಇಲ್ಲದ ಒಂದು ಮುಂಜಾನೆ, ಫಜ್ರ್ ನಮಾಝಿನ ಬಳಿಕ, ಮಕ್ಕಳ ಕೈಹಿಡಿದು ಹತ್ತಿರದ ಕೆರೆಯ ದಂಡೆಗೆ ಹೋಗೋಣ. ಮಳೆಯ, ಗುಡುಗಿನ, ಹೊಸಚಂದ್ರನ ದುಆಗಳನ್ನು ಅರ್ಥಸಹಿತ ಕಲಿಸೋಣ. ಆ ಕೆರೆ ನೊರೆಯಾಗಿದ್ದರೆ, ದೃಷ್ಟಾಂತವೊಂದನ್ನು ನಾವೇ ಅಳಿಸುತ್ತಿದ್ದೇವೆಂದು ನಾಚೋಣ. ಕಾಣುವ ಕಣ್ಣನ್ನೂ ನ್ಯಾಯ ಬಿಡದ ಹೃದಯವನ್ನೂ ಅಲ್ಲಾಹನು ನಮಗೆ ಕರುಣಿಸಲಿ. ಆಮೀನ್.