ಗಡಿ ಈಚೆಗೋ ಆಚೆಗೋ

ಕರ್ನಾಟಕದ ಗಡಿಗೆ ಹತ್ತಿರದ ತಮಿಳುನಾಡಿನ ದೆಂಕಣಿಕೋಟೆ ಕಡೆ ಪ್ಲಸ್ ಟೂ ಫಲಿತಾಂಶ ಬಂದರೆ ಅಪ್ಪಂದಿರು ನನ್ನ ಬಳಿ ಬರುತ್ತಿದ್ದರು. "ಹುಡುಗ ಏನು ಓದ್ತಾನೆ ಅನ್ನೋದು ಆಮೇಲೆ ಮೇಷ್ಟ್ರೇ. ಗಡಿ ಈಚೆಗೋ ಆಚೆಗೋ, ಮೊದಲು ಅದನ್ನ ಹೇಳಿ." ಈ ಪ್ರಶ್ನೆ ಬಹಳ ಹಳೆಯದೇನಲ್ಲ.

ಹೊಸೂರಿನ ಬಳಿಯ ತೊರಪಳ್ಳಿಯಲ್ಲಿ 1878ರಲ್ಲಿ ಹುಟ್ಟಿದ ರಾಜಾಜಿಯವರಿಗೆ ಅದು ಎದುರಾಗಲೇ ಇಲ್ಲ. ತಂದೆ ಊರಿನ ಮುನ್ಸೀಫ. ಮಗ ಹೊಸೂರಿನ ಸರ್ಕಾರಿ ಶಾಲೆಯಲ್ಲಿ ಕಲಿತು, ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಸೇರಿ 1894ರಲ್ಲಿ ಪದವೀಧರರಾದರು. ಹೊಸೂರು ಬ್ರಿಟಿಷರ ಸೇಲಂ ಜಿಲ್ಲೆಯಲ್ಲಿತ್ತು, ಸೆಂಟ್ರಲ್ ಕಾಲೇಜು ಮೈಸೂರು ಸಂಸ್ಥಾನದ್ದು. ಆದರೂ ಆ ಕಾಲೇಜು ಆಗ ಮದ್ರಾಸ್ ವಿಶ್ವವಿದ್ಯಾಲಯಕ್ಕೇ ಸೇರಿತ್ತು. ಪರೀಕ್ಷೆ ಒಂದೇ, ಪದವಿಯೂ ಒಂದೇ. ಮುಂದೆ ಕಾನೂನು ಓದಲು ಅವರು ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಹೋದರು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಹುಟ್ಟಿ ಸೆಂಟ್ರಲ್ ಕಾಲೇಜು ಅದರ ಪಾಲಾಯಿತು. ನಾವೆಲ್ಲ ಕೊಂಡಾಡುವ ಆ ವಿಶ್ವವಿದ್ಯಾಲಯವೇ ನಮ್ಮೂರಿನ ಮಕ್ಕಳಿಗೆ ಮೊದಲ ಗೆರೆ ಎಳೆದದ್ದು ಎಂದರೆ ಕನ್ನಡ ಸಂಘದ ಗೆಳೆಯರು ಮುನಿಸಿಕೊಳ್ಳುತ್ತಾರೆ!

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೊಳ್ಳೇಗಾಲ ಮೈಸೂರಿಗೆ ಬಂತು, ಹೊಸೂರು ಮದ್ರಾಸಿನಲ್ಲೇ ಉಳಿಯಿತು. ಎಪ್ಪತ್ತರ ದಶಕದಲ್ಲಿ ಹೊಸೂರಿಗೆ ಸಿಪ್ಕಾಟ್ ಕೈಗಾರಿಕಾ ಪ್ರದೇಶ ಬಂದಿತು, ಅದರ ಬೆನ್ನಿಗೇ ಅಶೋಕ್ ಲೇಲ್ಯಾಂಡ್, ಟೈಟನ್. ಅಪ್ಪಂದಿರ ತಲೆಯಲ್ಲಿ ಡಿಪ್ಲೊಮಾ ಕೂತುಬಿಟ್ಟಿತು. ತಳಿ ಊರಿನ ಒಬ್ಬ ಹುಡುಗಿಯ ಅರ್ಜಿಯಲ್ಲಿ ಅವಳಪ್ಪ ಪೆನ್ಸಿಲ್‌ನಿಂದ 'ಮೆಕ್ಯಾನಿಕಲ್' ಎಂದು ಬರೆದು ತಂದಿದ್ದರು. ಅವಳು ನನ್ನ ಮೇಜಿನ ಮೇಲಿದ್ದ ರಬ್ಬರ್ ತೆಗೆದುಕೊಂಡು ಕಾಗದ ಸವೆಯುವ ತನಕ ಉಜ್ಜಿ, 'ಬಿ.ಎ., ಇತಿಹಾಸ' ಎಂದು ಬರೆದಳು. ಅಪ್ಪ ಸುಮ್ಮನೆ ನೋಡುತ್ತ ನಿಂತಿದ್ದರು. ಕೊನೆಗೆ, "ಫೀಸು ಕಮ್ಮಿ ಬಿಡಿ" ಎಂದರು.

ಈಗಿನ ಮನೆಗಳಲ್ಲಿ ಮಕ್ಕಳ ಇಷ್ಟವನ್ನು ಕೇಳುತ್ತಾರೆ, ನಿಜ. ಆದರೆ ಗಡಿಯ ಪ್ರಶ್ನೆ ಈಗ ಇನ್ನೂ ಬೇಗ ಎದುರಾಗುತ್ತದೆ. ಈ ಕಡೆ 2006ರ ತಮಿಳು ಕಲಿಕೆ ಕಾಯ್ದೆ ಒಂದನೇ ತರಗತಿಯಿಂದಲೇ ತಮಿಳನ್ನು ಕಡ್ಡಾಯ ಮಾಡಿತು. ಆಚೆ ಕಡೆ ಕರ್ನಾಟಕದ ಸಿಇಟಿಯ ಸಾಮಾನ್ಯ ನಿಯಮವೆಂದರೆ ಅಲ್ಲೇ ಏಳು ವರ್ಷ ಓದಿರಬೇಕು. ಎರಡನೇ ಪಿಯುಸಿಯಿಂದ ಹಿಂದಕ್ಕೆ ಎಣಿಸಿ ನೋಡಿ, ಆರನೇ ತರಗತಿಗೆ ಬಂದು ನಿಲ್ಲುತ್ತದೆ. ನನಗೆ ಗೊತ್ತಿರುವ ಒಂದು ಮನೆಯವರು ಮಗಳನ್ನು ಆ ವಯಸ್ಸಿಗೇ ಗಡಿ ಆಚೆಯ ಅತ್ತಿಬೆಲೆಯ ಶಾಲೆಗೆ ಸೇರಿಸಿದ್ದಾರೆ. ಮುಂದೆ ಅವಳಿಗೆ ಬೇಕಾದ ಕೋರ್ಸು ಅವಳೇ ಆರಿಸಿಕೊಳ್ಳಲಿ ಅಂತ.