ಹೃದಯದ ಮರ್ಮರ ಮತ್ತು ಎದೆ ಡವಡವ

ಹೃದಯದ ಕವಾಟಗಳಲ್ಲಿ ರಕ್ತ ಸುಳಿಯೆದ್ದು ಹರಿದಾಗ, ಲಬ್-ಡಬ್ ನಡುವೆ ಸ್ಟೆತಸ್ಕೋಪಿನಲ್ಲಿ ಕೇಳುವ 'ಸುಯ್' ಸದ್ದೇ ಮರ್ಮರ. ಬಡಿತ ತಾನಾಗಿ ಅರಿವಿಗೆ ಬರುವುದು ಎದೆ ಡವಡವ.

ಕಾರಣ: ಮಕ್ಕಳ ಮರ್ಮರ ಬಹುಪಾಲು ನಿರಪಾಯ. ರಕ್ತಹೀನತೆ, ಬಸಿರು, ಥೈರಾಯ್ಡ್ ತೊಂದರೆಗಳಲ್ಲಿ ಎರಡೂ ಕಾಣಬಹುದು. ಗಂಟಲುನೋವಿನ ಬೆನ್ನಿಗೆ ಬರುವ ರುಮ್ಯಾಟಿಕ್ ಜ್ವರ ಕವಾಟ ಕೆಡಿಸಿದ್ದರೆ, 3-4 ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚುಮದ್ದು ವರ್ಷಗಟ್ಟಲೆ ಬೇಕು.

ಆರೈಕೆ: ನಂಜನಗೂಡು, ತಿ. ನರಸೀಪುರದವರಿಗೆ ಮೊದಲ ಮೆಟ್ಟಿಲು ತಾಲ್ಲೂಕು ಆಸ್ಪತ್ರೆ. ಎಕೋ (ಹೃದಯದ ಸ್ಕ್ಯಾನ್) ಮುಂತಾದ ಹೆಚ್ಚಿನ ತಪಾಸಣೆಗೆ ಮೈಸೂರಿನ ಜಯದೇವ ಹೃದ್ರೋಗ ಸಂಸ್ಥೆ. ರೋಗ ಕಳೆಯುವ ದೈವವೆಂದು ನಂಬಿ ನಂಜನಗೂಡಿನ ನಂಜುಂಡೇಶ್ವರನಿಗೆ ಉರುಳುಸೇವೆಯ ಹರಕೆ ಹೊತ್ತವರು ವೈದ್ಯರನ್ನು ಕೇಳಿಯೇ ಉರುಳಬೇಕು, ಮಾತ್ರೆ ತಪ್ಪಿಸಬಾರದು. ಡವಡವ ಶುರುವಾದರೆ ಕುಳಿತು, ಮಣಿಕಟ್ಟಿನ ನಾಡಿಯನ್ನು ಒಂದು ನಿಮಿಷ ಎಣಿಸಿ ಬರೆದಿಡಬೇಕು. ಎದೆನೋವು, ಏದುಸಿರು, ಕಣ್ಣುಕತ್ತಲೆ ಜೊತೆಗೂಡಿದರೆ ತಡಮಾಡದೆ 108 ಆಂಬುಲೆನ್ಸಿಗೆ ಕರೆ ಮಾಡಬೇಕು.