ಅರಳಿದ ಕೋಣೆ, ಬರದ ಬಾಡಿಗೆದಾರ

2016ರ ಮೇ 26ರಂದು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಜೋಡಿಸಿದ್ದ ‘ಬೀಮ್’ ಎಂಬ ಬಟ್ಟೆಯ ಕೋಣೆಗೆ ಗಾಳಿ ತುಂಬಲು ಹೊರಟಾಗ ಅದು ಸರಿಯಾಗಿ ಹಿಗ್ಗಲೇ ಇಲ್ಲ. ಬಹುಕಾಲ ಮಡಿಸಿಟ್ಟ ಪದರಗಳು ಬಿಗಿದುಕೊಂಡಿದ್ದವು. ಎರಡು ದಿನ ಬಿಟ್ಟು ಗಗನಯಾತ್ರಿ ಜೆಫ್ ವಿಲಿಯಮ್ಸ್ ಸುಮಾರು ಏಳು ಗಂಟೆ ಕೂತು, ಕವಾಟವನ್ನು 25 ಬಾರಿ ತೆರೆದು ಮುಚ್ಚಿ ಅದನ್ನು ಅರಳಿಸಿದರು.

ಮಡಿಸಿ ಒಯ್ದು ಮೇಲೆ ಹಿಗ್ಗಿಸಿದರೆ ರಾಕೆಟ್ಟಿನ ಅಗಲಕ್ಕಿಂತ ದೊಡ್ಡ ಮನೆ ಕಟ್ಟಬಹುದು. ನಾಸಾ 1990ರ ದಶಕದಲ್ಲಿ ರೂಪಿಸಿದ ‘ಟ್ರಾನ್ಸ್‌ಹ್ಯಾಬ್’ನ ಲೆಕ್ಕ ಇದೇ. ಅಮೆರಿಕದ ಸಂಸತ್ತು 2000ದಲ್ಲಿ ಅದಕ್ಕೆ ತಡೆ ಹಾಕಿತು. ಹೋಟೆಲ್ ಉದ್ಯಮಿ ರಾಬರ್ಟ್ ಬಿಗೆಲೋ ಆ ತಂತ್ರಜ್ಞಾನದ ಹಕ್ಕು ಪಡೆದು, 2006 ಮತ್ತು 2007ರಲ್ಲಿ ಎರಡು ‘ಜೆನೆಸಿಸ್’ ಮಾದರಿಗಳನ್ನು ರಷ್ಯಾದಿಂದ ಹಾರಿಸಿದರು. 2013ರಲ್ಲಿ ನಾಸಾ 1.78 ಕೋಟಿ ಡಾಲರಿಗೆ ಅವರಿಂದಲೇ ಬೀಮ್ ಮಾಡಿಸಿತು.

ಎರಡು ವರ್ಷದ ಪರೀಕ್ಷೆಗೆಂದು ಹೋದ ಕೋಣೆ ಅವಧಿ ಮುಗಿದ ಮೇಲೂ ಗಟ್ಟಿಯಾಗಿ ನಿಂತು, ನಿಲ್ದಾಣದ ಉಗ್ರಾಣವಾಯಿತು. ಕಟ್ಟಿದ ಕಂಪನಿ ಮಾತ್ರ ಕೋವಿಡ್ ಹೊತ್ತಿನಲ್ಲಿ, 2020ರ ಮಾರ್ಚಿನಲ್ಲಿ, ಎಲ್ಲ ನೌಕರರನ್ನೂ ಮನೆಗೆ ಕಳಿಸಿತು.

ಇದನ್ನು ಸೋಲೆನ್ನಬೇಕೋ ಗೆಲುವೆನ್ನಬೇಕೋ ಎಂದು ನಾನು ಬಹಳ ಯೋಚಿಸಿದ್ದೇನೆ. ಬಟ್ಟೆ ಪರೀಕ್ಷೆಯಲ್ಲಿ ಗೆದ್ದಿತು. ಆದರೆ ಬೀಮ್‌ಗೆ ಹಣ ಕೊಟ್ಟದ್ದು ಸರ್ಕಾರ, ಬಳಸಿದ್ದೂ ಸರ್ಕಾರ. ಬಾಹ್ಯಾಕಾಶದ ಮನೆಗೆ ಬಾಡಿಗೆ ಕೊಡುವವರು ಯಾರು ಎಂಬ ಪ್ರಶ್ನೆ ಆ ಪರೀಕ್ಷೆಯ ಪತ್ರಿಕೆಯಲ್ಲೇ ಇರಲಿಲ್ಲ.